ಗಣಕಯಂತ್ರದ ಇರುಳುಗೆಲಸ: ದೋಷವೂ ಎಚ್ಚರಿಕೆಯೂ

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ, ಈಗ ನಿವೃತ್ತಿವೇತನದ ಅನ್ನವನ್ನು ಉಣ್ಣುತ್ತಿರುವ ಉಪಾಧ್ಯಾಯನೊಬ್ಬನು ಗಣಕಯಂತ್ರದ ವಿಷಯವಾಗಿ ಬರೆಯಹೊರಟುದನ್ನು ಕಂಡು ವಾಚಕರಲ್ಲಿ ಕೆಲವರು ನಕ್ಕಾರು. ಯಂತ್ರದ ಒಳಗಿನ ಮರ್ಮವನ್ನು ತಿಳಿಸುವ ಯೋಗ್ಯತೆ ನನಗಿಲ್ಲ. ಆದರೆ ನಾವೆಲ್ಲರೂ ನಿದ್ರಿಸುತ್ತಿರುವಾಗ ಆ ಯಂತ್ರಗಳು ತಾವಾಗಿಯೇ ಮಾಡಿ ಮುಗಿಸುವ ಕೆಲಸವೊಂದುಂಟು. ಆ ಕೆಲಸದಲ್ಲಿ ತಪ್ಪು ನಡೆದರೆ ಅದು ಯಾರಿಗೆ, ಯಾವಾಗ, ಯಾವ ಪ್ರಮಾಣದಿಂದ ತಿಳಿಯುವುದೆಂಬ ಪ್ರಶ್ನೆಯೂ ಒಂದುಂಟು. ಈ ಪ್ರಶ್ನೆಯು ಯಂತ್ರಶಾಸ್ತ್ರಕ್ಕೆ ಎಷ್ಟು ಸೇರಿದುದೋ ಪ್ರಮಾಣಶಾಸ್ತ್ರಕ್ಕೂ ಅಷ್ಟೇ ಸೇರಿದುದು. ದಿನವೂ ಹಾಜರಿಪಟ್ಟಿಯನ್ನು ಹಿಡಿದು ಬಾಳಿದವನಿಗೆ ಅದರಲ್ಲಿ ಒಂದೆರಡು ಮಾತುಗಳನ್ನು ಹೇಳುವ ಅಧಿಕಾರವಿದ್ದೀತೆಂದು ನಂಬಿ ಬರೆಯುತ್ತಿದ್ದೇನೆ.

ನಮ್ಮ ಕಡೆಯವರಿಗೆ ಬೇಂಕು ಎಂಬುದು ಪರಕೀಯ ವಸ್ತುವಲ್ಲ. ಜನರು ಚೆನ್ನಾಗಿ ಬಲ್ಲ ಹೆಸರುಗಳಿಂದಲೇ ಹೇಳುವುದಾದರೆ, 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬೇಂಕೂ, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳವರ ಕೆನರಾ ಬೇಂಕೂ, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬೇಂಕೂ, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬೇಂಕೂ, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬೇಂಕೂ ಹುಟ್ಟಿದುವು. ಒಂದೇ ಜಿಲ್ಲೆಯು ಇಪ್ಪತ್ತೈದು ವರ್ಷಗಳೊಳಗೆ ಐದು ಬೇಂಕುಗಳನ್ನು ಹೆತ್ತಿತು. ಅವುಗಳಲ್ಲಿ ವಿಜಯಾ ಬೇಂಕು 2019ರಲ್ಲಿ ಬೇಂಕ್ ಆಫ್ ಬರೋಡಾದಲ್ಲಿಯೂ, 2020ರಲ್ಲಿ ಕಾರ್ಪೊರೇಷನ್ ಬೇಂಕು ಯೂನಿಯನ್ ಬೇಂಕಿನಲ್ಲಿಯೂ, ಸಿಂಡಿಕೇಟ್ ಬೇಂಕು ಕೆನರಾದಲ್ಲಿಯೂ ಲೀನವಾಗಿಹೋದುವು. ಆ ದುಃಖದ ಮಾತು ಹಾಗಿರಲಿ.

ನನ್ನ ದೊಡ್ಡಪ್ಪನವರು ಇಂತಹ ಒಂದು ಬೇಂಕಿನಲ್ಲಿ ಗುಮಾಸ್ತರಾಗಿದ್ದರು. ಕೆಲವು ದಿನ ಅವರು ಮನೆಗೆ ಬರುವಾಗ ರಾತ್ರಿ ಊಟದ ಹೊತ್ತು ಮೀರುತ್ತಿತ್ತು. ಕಾರಣವನ್ನು ಕೇಳಿದರೆ “ಲೆಕ್ಕ ತಾಳೆಯಾಗಲಿಲ್ಲ” ಎಂಬ ಒಂದೇ ಉತ್ತರ. ಜಮೆಗೂ ಖರ್ಚಿಗೂ ನಡುವೆ ನಾಲ್ಕು ಕಾಸು ವ್ಯತ್ಯಾಸ ಬಂದರೂ ಒಬ್ಬನೂ ಕೊಡೆ ಹಿಡಿದು ಹೊರಬೀಳುವಂತಿರಲಿಲ್ಲ. ಎಲ್ಲರೂ ಕುಳಿತು ಆ ದಿನದ ಚೀಟಿಗಳನ್ನು ಒಂದೊಂದಾಗಿ ಕೂಗಿ ಗುರುತು ಹಾಕಬೇಕು. ತಪ್ಪು ಎಲ್ಲಿ ಹುಟ್ಟಿತೋ ಅಲ್ಲಿಯೇ, ಹುಟ್ಟಿದ ಇರುಳೇ, ಅದನ್ನು ಮಾಡಿದವನ ಕಣ್ಣೆದುರಿಗೇ ಸಿಕ್ಕಿಬೀಳುತ್ತಿತ್ತು. ಬೀದಿಯಲ್ಲಿಯೂ ಹೀಗೆಯೇ. ಸಿಂಡಿಕೇಟ್ ಬೇಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟನು ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಎತ್ತುತ್ತಿದ್ದನಷ್ಟೆ. ಇಂತಹ ಏಜೆಂಟನು ಒಂದು ದಿನ ಬಾರದಿದ್ದರೆ ಸಂಜೆಯೊಳಗೆ ಬೀದಿಯ ಹೆಂಗಸರು “ಇವತ್ತು ಪಿಗ್ಮಿಯವರು ಬರಲಿಲ್ಲವಲ್ಲ!” ಎಂದು ಮಾತಾಡಿಕೊಳ್ಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಅವನು ಬರುವನೆಂಬ ನಿರೀಕ್ಷೆಯಿದ್ದುದರಿಂದಲೇ ಬಾರದಿದ್ದುದು ತಿಳಿಯುತ್ತಿತ್ತು. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ದೊಡ್ಡಪ್ಪನವರ ಕೆಲಸವನ್ನು ಯಂತ್ರವು ಮಾಡುವುದು. ಶಾಖೆಗಳ ಬಾಗಿಲು ಮುಚ್ಚಿ, ದಿನದ ವ್ಯವಹಾರವು ನಿಂತ ಮೇಲೆ, ಬಡ್ಡಿಯ ಗಣನೆ, ಸಾಲದ ಕಂತು, ನಿವೃತ್ತಿವೇತನದ ಜಮೆ, ಮರುದಿನದ ಪಟ್ಟಿಗಳು, ಹೀಗೆ ನೂರಾರು ಕೆಲಸಗಳು ಸಾಲಾಗಿ ನಡೆಯುವುವು. ಒಂದು ಮುಗಿಯದೆ ಇನ್ನೊಂದು ತೊಡಗುವಂತಿಲ್ಲ; ಕೆಲವು ಜೊತೆಜೊತೆಯಾಗಿ ನಡೆಯಬಹುದು. ಈ ಸರದಿಯನ್ನು ನೋಡಿಕೊಳ್ಳುವ ಕ್ರಮವಿಧಿಗೆ ಶೆಡ್ಯೂಲರು ಎಂದು ಹೆಸರು. ನನ್ನ ತಂಗಿಯ ಮಗನು ಈ ಊರಿನಲ್ಲಿಯೇ ಇಂತಹ ಇರುಳುಗೆಲಸಗಳನ್ನು ನೋಡಿಕೊಳ್ಳುವ ಉದ್ಯೋಗದಲ್ಲಿದ್ದಾನೆ. ನಾನು ಇಲ್ಲಿ ಹೇಳುವುದರಲ್ಲಿ ಬಹುಭಾಗವು ಅವನಿಂದ ತಿಳಿದುದು. ಶೆಡ್ಯೂಲರೆಂದರೇನೆಂದು ಕೇಳಿದಾಗ ಅವನು ಬಹಳ ಹೊತ್ತು ವಿವರಿಸಿದನು. ನನಗೆ ಅರ್ಥವಾದುದಿಷ್ಟು: ಅದು ಶಾಲೆಯಲ್ಲಿ ಗಂಟೆ ಬಾರಿಸುವ ಜವಾನನಂತೆ. ವೇಳಾಪಟ್ಟಿಯನ್ನು ನೋಡಿ ಮೂರನೆಯ ಪಿರಿಯಡಿನ ಗಂಟೆಯನ್ನು ಅವನು ತಪ್ಪದೆ ಹೊಡೆಯುವನು. ಆದರೆ ಆ ಪಿರಿಯಡಿನಲ್ಲಿ ಪಾಠ ನಡೆಯಿತೋ, ಉಪಾಧ್ಯಾಯರು ತರಗತಿಗೆ ಬಂದರೋ, ಮಕ್ಕಳು ಗೋಡೆ ಹಾರಿ ಹೋದರೋ, ಇದು ಅವನ ಗಂಟೆಯಿಂದ ತಿಳಿಯುವ ಸಂಗತಿಯಲ್ಲ.

ಇವುಗಳಲ್ಲಿ ಪ್ರಸಿದ್ಧವಾದ ಒಂದು ಪುಟ್ಟ ಜವಾನನ ಹೆಸರು ಕ್ರಾನ್. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1970ರ ದಶಕದಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆಯೊಡನೆ ಬಳಕೆಗೆ ಬಂದು, ಇಂದಿಗೂ ಲೋಕದ ಅಸಂಖ್ಯ ಯಂತ್ರಗಳಲ್ಲಿ ದುಡಿಯುತ್ತಿರುವುದು. ಗ್ರೀಕರ ಭಾಷೆಯಲ್ಲಿ ಕಾಲಕ್ಕೆ ಖ್ರೋನೊಸ್ ಎಂದು ಹೆಸರಂತೆ, ಅದರಿಂದ ಇದು. ಈ ಕಾಲಪುರುಷನಿಗೆ ಒಂದು ಒಳ್ಳೆಯ ನಡತೆಯುಂಟು: ಅವನು ಓಡಿಸಿದ ಕೆಲಸವು ಏನಾದರೂ ಗೊಣಗಿದರೆ ಆ ಮಾತನ್ನು ಅವನು ಯಜಮಾನನಿಗೆ ಅಂಚೆಯಲ್ಲಿ ಕಳುಹುವನು. ಆದರೆ ದಿನವೂ ಬರುವ ಗೊಣಗಾಟದಿಂದ ಬೇಸತ್ತವರು ಏನು ಮಾಡುವರೆಂದರೆ, ಅದೇ ವ್ಯವಸ್ಥೆಯಲ್ಲಿ ಏನು ಸುರಿದರೂ ನುಂಗಿಬಿಡುವ ಶೂನ್ಯಕೂಪವೊಂದಿದೆ, ಅದರೊಳಕ್ಕೆ ಈ ಮಾತುಗಳನ್ನೆಲ್ಲ ತಿರುಗಿಸಿಬಿಡುವರು. ಆಮೇಲೆ ಮನೆಯಲ್ಲಿ ಶಾಂತಿ.

ಕೆಲಸವು ಮುಗಿದಾಗ ಯಂತ್ರವು ಒಂದು ಅಂಕೆಯನ್ನು ಹೇಳಿ ಹೋಗುವುದು. ಯುನಿಕ್ಸಿನ ಕಡೆಯಲ್ಲಿ 0 ಎಂದರೆ ಕ್ಷೇಮ; ಬೇರೆ ಯಾವ ಅಂಕೆಯಾದರೂ ಕೇಡು. 1964ರಲ್ಲಿ ಐಬಿಎಂ ಕಂಪೆನಿಯು ಪ್ರಕಟಿಸಿದ ಸಿಸ್ಟಮ್ 360 ಎಂಬ ದೊಡ್ಡ ಯಂತ್ರಗಳ ಸಂಪ್ರದಾಯದಲ್ಲಿ ಇದು ಇನ್ನೂ ಸೂಕ್ಷ್ಮವಾಗಿದೆ: 0 ಎಂದರೆ ಸರಿ, 4 ಎಂದರೆ ಎಚ್ಚರಿಕೆ, 8 ಎಂದರೆ ದೋಷ, 12 ಎಂದರೆ ಘೋರದೋಷ, 16 ಎಂದರೆ ಕೆಲಸವೇ ಕೆಟ್ಟಿತು. ನಾಲ್ಕರ ಮಗ್ಗಿ ಏಕೆಂದು ಕೇಳಿದೆನು. ಆ ಯಂತ್ರಗಳಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಹಾರುವ ಆಜ್ಞೆಯ ಅಳತೆಯು ನಾಲ್ಕು ಬೈಟುಗಳಾದುದರಿಂದ, ಈ ಅಂಕೆಯನ್ನೇ ಅಳತೆಗೋಲಾಗಿ ಹಿಡಿದು ತಕ್ಕ ಆಜ್ಞೆಗೆ ಹಾರಲು ಅನುಕೂಲವೆಂದು ಸೋದರಳಿಯನು ಹೇಳಿದನು. ಶಾಸ್ತ್ರದಲ್ಲಿ ಯಾವುದಕ್ಕೂ ಕಾರಣವಿರುವುದು.

ಇನ್ನು ಸಂಕಟದ ಮಾತು. “ನಾಲ್ಕರವರೆಗೆ ಬಂದರೆ ಮುಂದುವರಿಯಲಿ, ಎಂಟು ಬಂದರೆ ನಿಲ್ಲಲಿ” ಎಂದು ಸರದಿಗೆ ಆಜ್ಞೆ ಕೊಟ್ಟಿಡುವುದು ವಾಡಿಕೆ. ದೋಷವು ಕೆಲಸವನ್ನು ನಿಲ್ಲಿಸುವುದು. ನಿಂತ ಕೆಲಸವು ಯಾರನ್ನಾದರೂ ನಿದ್ರೆಯಿಂದ ಎಬ್ಬಿಸುವುದು. ಎಚ್ಚರಿಕೆಯಾದರೋ ಒಂದು ಸಾಲು ಬರೆದಿಟ್ಟು ಸುಮ್ಮನಾಗುವುದು. ಮುಂಜಾನೆ ಬಂದವನು ನೋಡುವ ಹಲಗೆಯಲ್ಲಿ ಹಸುರು ಗುರುತು ಇರುವುದು. ಆದುದರಿಂದ ದೋಷಕ್ಕೆ ಹೆದರಬೇಕಾಗಿಲ್ಲ, ಎಚ್ಚರಿಕೆಗೆ ಹೆದರಬೇಕು ಎಂದು ನನಗೆ ತೋರುವುದು. ಇದನ್ನು ನಾನು ಕೇವಲ ತರ್ಕದಿಂದ ಹೇಳುತ್ತಿಲ್ಲ.

ನನ್ನೊಡನೆ ಕೆಲಸ ಮಾಡಿದ ಉಪಾಧ್ಯಾಯರೊಬ್ಬರು ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಅವರ ಹೆಂಡತಿಗೆ ಕುಟುಂಬ ನಿವೃತ್ತಿವೇತನ ಬರುತ್ತಿತ್ತು. ಮಕ್ಕಳಿಲ್ಲ, ಉರ್ವದ ಕಡೆ ಒಂದು ಹಳೆಯ ಹಂಚಿನ ಮನೆಯಲ್ಲಿ ಒಬ್ಬರೇ ಇರುವವರು. ಒಂದು ಮಳೆಗಾಲದಲ್ಲಿ ನಾನು ಆ ದಾರಿಯಾಗಿ ಹೋದಾಗ ಕ್ಷೇಮಸಮಾಚಾರಕ್ಕೆಂದು ಒಳಹೊಕ್ಕೆನು. ಕಾಫಿ ಕೊಟ್ಟರು, ಸಕ್ಕರೆಯಿರಲಿಲ್ಲ. ಮೇಜಿನ ಮೇಲೆ ರಕ್ತದೊತ್ತಡದ ಗುಳಿಗೆಗಳು ಬ್ಲೇಡಿನಿಂದ ಅರ್ಧರ್ಧವಾಗಿ ತುಂಡಾಗಿ ಒಂದು ಬಟ್ಟಲಲ್ಲಿದ್ದುವು. ಕೈಯಲ್ಲಿ ಸದಾ ಇರುತ್ತಿದ್ದ ಎರಡು ಬಳೆಗಳಲ್ಲಿ ಒಂದು ಕಾಣಿಸಲಿಲ್ಲ. ಮೆಲ್ಲನೆ ವಿಚಾರಿಸಿದೆನು.

“ಪೆನ್ಶನ್ ನಿಂತು ಮೂರು ತಿಂಗಳಾಯಿತು ಮಾಷ್ಟ್ರೇ,” ಎಂದರು. “ಅವರು ಹೋಗಿ ಇಷ್ಟು ವರ್ಷವಾದ ಮೇಲೆ ನಿಲ್ಲಿಸುವ ಕಾನೂನು ಇರಬೇಕು. ಅವರದ್ದೇ ತಪ್ಪು ಎನ್ನಲಿಕ್ಕೆ ಆಗುತ್ತದೆಯೇ?”

“ಯಾರನ್ನಾದರೂ ಕೇಳಿದಿರೇ ಅಕ್ಕ?”

“ಕೇಳಿದರೆ ಕೊಟ್ಟದ್ದನ್ನೂ ವಾಪಸು ಕೇಳಿದರೆ?”

ಮರುದಿನ ಅವರ ಪುಸ್ತಕವನ್ನು ಹಿಡಿದು ಬೇಂಕಿಗೆ ಹೋದೆನು. ಬೇಂಕಿನ ಹೆಸರು ಇಲ್ಲಿ ಬೇಡ. ಎದುರಿಗಿದ್ದ ತರುಣನು ಬಹಳ ವಿನಯವಂತ. ಕುಳ್ಳಿರಿಸಿದನು, ನೀರು ತರಿಸಿದನು, ಪರದೆಯನ್ನು ನೋಡಿ, “ಪೆನ್ಶನ್ ಜಾಬು ಮೂರು ತಿಂಗಳೂ ಸಕ್ಸಸ್ ಆಗಿದೆ ಸರ್, ಸಿಸ್ಟಮಿನಲ್ಲಿ ಎಲ್ಲ ಸರಿಯಾಗಿಯೇ ಉಂಟು” ಎಂದನು. ಅವನು ಸುಳ್ಳು ಹೇಳಲಿಲ್ಲ. ಅವನ ಪರದೆಯು ಅವನಿಗೆ ಹೇಳಿದುದನ್ನೇ ಹೇಳಿದನು. ಸಂಜೆ ಸೋದರಳಿಯನೊಡನೆ ಈ ಮಾತನ್ನು ಎತ್ತಿದಾಗ ಅವನು ಒಂದು ಕ್ಷಣ ಯೋಚಿಸಿ, “ಮಾವ, ಹಣ ಏಕೆ ಬರಲಿಲ್ಲವೆಂದು ಕೇಳಬೇಡಿ. ಆ ಮೂರು ರಾತ್ರಿಗಳ ಲಾಗಿನಲ್ಲಿ ಇವರ ಖಾತೆಯ ಮೇಲೆ ವಾರ್ನಿಂಗ್ ಬಂದಿದೆಯೇ ಎಂದು ನೋಡಿಸಲು ಬರೆದುಕೊಡಿ” ಎಂದನು. ಹಾಗೆಯೇ ಬರೆದುಕೊಟ್ಟೆನು.

ಹತ್ತು ದಿನಗಳ ಬಳಿಕ ಮೇಲಧಿಕಾರಿಯೊಬ್ಬರು ತಾವಾಗಿಯೇ ದೂರವಾಣಿಯಲ್ಲಿ ಮಾತಾಡಿದರು. ದಾಖಲೆಗಳನ್ನು ಹೊಸದಾಗಿ ತುಂಬಿದಾಗ ಆ ತಾಯಿಯ ವಿವರದಲ್ಲಿ ಒಂದು ಮನೆ ಖಾಲಿ ಉಳಿದಿತ್ತು. ಅಂತಹ ವಿವರ ಸಿಕ್ಕಿದರೆ ಅದನ್ನು ಬಿಟ್ಟು, ಒಂದು ಎಚ್ಚರಿಕೆಯ ಸಾಲನ್ನು ಬರೆದು, ಮುಂದಿನವರ ಕಡೆಗೆ ಹೋಗತಕ್ಕದ್ದೆಂದು ಆ ಕ್ರಮವಿಧಿಯಲ್ಲಿತ್ತು. ಅದು ಮೂರು ತಿಂಗಳೂ ಶಾಸ್ತ್ರೋಕ್ತವಾಗಿ ಸಾಲು ಬರೆದಿತ್ತು. ಅಂತಹ ಸಾಲುಗಳು ಪ್ರತಿರಾತ್ರಿಯೂ ನೂರಾರು. ಅವುಗಳಲ್ಲಿ ಬಹುಪಾಲು ಏನೂ ಅಲ್ಲದವುಗಳು. ಯಾರೂ ಓದುತ್ತಿರಲಿಲ್ಲ. ಬಾಕಿ ಹಣವೆಲ್ಲ ಒಮ್ಮೆಗೆ ಬಂದಿತು. ಆ ಅಧಿಕಾರಿಗಳ ಪ್ರಾಮಾಣಿಕತೆಯನ್ನು ನಾನು ಮೆಚ್ಚಿದೆನು. ಅವರು ಮುಚ್ಚಿಡದೆ ಇನ್ನೊಂದು ಮಾತನ್ನೂ ಹೇಳಿದರು: ಇವರ ಸಾಲಿನ ಮೇಲೂ ಕೆಳಗೂ ಬೇರೆ ಹೆಸರುಗಳಿದ್ದುವು, ಅವರಲ್ಲಿ ಒಬ್ಬರೂ ಕೇಳಲು ಬಂದಿರಲಿಲ್ಲ.

ಇದರಲ್ಲಿ ನನ್ನನ್ನು ಕಾಡಿದುದು ಈ ಕೊನೆಯ ಮಾತು. ಯಂತ್ರವು ತಪ್ಪಿದರೆ ಜನರು ದೂರು ಹೇಳುವರು, ಆಗ ತಿದ್ದಿದರಾಯಿತು ಎಂಬ ನಂಬಿಕೆಯೊಂದು ಎಲ್ಲ ಕಚೇರಿಗಳಲ್ಲಿಯೂ ಇರುವುದು. ಆದರೆ ಯಾರ ವಿವರವು ದಾಖಲೆಯಲ್ಲಿ ಅರೆಬರೆಯಾಗಿರುವುದೋ ಅವರೇ ಸಾಮಾನ್ಯವಾಗಿ ದೂರು ಹೇಳಲು ಅಂಜುವವರು: ಮುದುಕಿಯರು, ಒಂಟಿಗಳು, ಓದು ಬಾರದವರು. ಬಾರದ ಹಣವನ್ನು ಅವರು ಒಂದು ತೀರ್ಪೆಂದು ಭಾವಿಸುವರು. ಯಂತ್ರವೂ ಮೌನ, ಅವರೂ ಮೌನ. ನಡುವೆ ಹಸುರು ಗುರುತು.

ಎಚ್ಚರಿಕೆಗಳಿಗೆ ತರತಮವಿರಬೇಕೆಂಬುದನ್ನು ಸಮುದ್ರತೀರದವರಾದ ನಮಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಭಾರತದ ಬಂದರುಗಳಲ್ಲಿ ಬಿರುಗಾಳಿಯ ಕಾಲಕ್ಕೆ ಏರಿಸುವ ಸಂಕೇತಗಳು ಹನ್ನೊಂದು. 1 ಮತ್ತು 2 ದೂರದ ಗಾಳಿಗೆ; 3 ಮತ್ತು 4 ಬಂದರಿಗೇ ತಟ್ಟಬಹುದಾದ ಗಾಳಿಗೆ; 5ರಿಂದ 7ರವರೆಗೆ ಅಪಾಯ; 8ರಿಂದ 10ರವರೆಗೆ ಮಹಾಪಾಯ. 3ನೆಯ ಸಂಕೇತವನ್ನು ಕಂಡ ಬೆಸ್ತನು ದೋಣಿಯನ್ನು ಗಟ್ಟಿಯಾಗಿ ಕಟ್ಟುವನು. 10ನೆಯದನ್ನು ಕಂಡವನು ಮನೆಯನ್ನೇ ಬಿಡುವನು. ಎಲ್ಲಕ್ಕೂ ಒಂದೇ ಬಾವುಟವನ್ನು ಏರಿಸಿದ್ದರೆ ಒಂದು ಮಳೆಗಾಲ ಕಳೆಯುವುದರೊಳಗೆ ಅದನ್ನು ನೋಡುವವರೇ ಇರುತ್ತಿರಲಿಲ್ಲ. ಆದರೆ ನನಗೆ ಬಹಳ ಆಶ್ಚರ್ಯವೆನಿಸಿದುದು ಹನ್ನೊಂದನೆಯ ಸಂಕೇತ. ಅದು ಗಾಳಿಯ ವಿಷಯವನ್ನು ಹೇಳುವುದಿಲ್ಲ. ಹವಾಮಾನದ ಕೇಂದ್ರದೊಡನೆ ಸಂಪರ್ಕವೇ ಕಡಿದುಹೋಗಿದೆ, ಕೆಟ್ಟ ಹವೆಯ ಭಯವಿದೆ ಎಂಬುದು ಅದರ ಅರ್ಥ. ಸುದ್ದಿ ಬರಲಿಲ್ಲವೆಂಬುದನ್ನೇ ಒಂದು ಸುದ್ದಿಯಾಗಿ, ಅದೂ ಮಹಾಪಾಯಕ್ಕಿಂತ ಮೇಲಿನ ಅಂಕೆಯನ್ನು ಕೊಟ್ಟು, ಕಂಬದ ಮೇಲೆ ಏರಿಸಿದ ಆ ಬುದ್ಧಿವಂತರಾರೋ! ನಮ್ಮ ಎಷ್ಟು ಕಚೇರಿಗಳಲ್ಲಿ ಈ ಹನ್ನೊಂದನೆಯ ಬಾವುಟವುಂಟು?

ಇಂತಹ ಕೇಡು ನಮ್ಮ ಊರಿನ ವಿಧವೆಯರಿಗಷ್ಟೇ ತಟ್ಟುವುದೆಂದಲ್ಲ. ಬ್ರಿಟನ್ನಿನ ರಾಯಲ್ ಬೇಂಕ್ ಆಫ್ ಸ್ಕಾಟ್ಲೆಂಡಿನ ಬಳಗದಲ್ಲಿ 2012ರ ಜೂನ್ 17ರ ಭಾನುವಾರ, ಇರುಳಿನ ಕೆಲಸಗಳ ಸರದಿಯನ್ನು ನಡೆಸುವ ಕ್ರಮವಿಧಿಯ ಹೊಸ ಆವೃತ್ತಿಯನ್ನು ಹಾಕಿದರು. ಮರುದಿನ ಏನೋ ವೈಪರೀತ್ಯ ಕಂಡಿತು. ಕಂಡುದಂತೂ ಒಳ್ಳೆಯದೇ. ಆದರೆ ಹೊಸದನ್ನು ಕಿತ್ತು ಹಳೆಯದನ್ನು ಮರಳಿ ಹೂಡುವುದರಿಂದ ಏನಾಗುವುದೆಂಬುದನ್ನು ಮೊದಲು ಪರೀಕ್ಷಿಸದೆಯೇ ಕಿತ್ತರು. ಹೊಸದರ ಬರಹವನ್ನು ಹಳೆಯದು ಓದಲಾರದೆ ಹೋಯಿತು. 20ನೆಯ ತಾರೀಖಿನಿಂದ ಸರದಿಯೇ ಕಲಸಿಹೋಗಿ, 65 ಲಕ್ಷಕ್ಕೂ ಹೆಚ್ಚು ಮಂದಿ ಗಿರಾಕಿಗಳು ತೊಂದರೆಗೊಳಗಾದರು. ಪರದೇಶಕ್ಕೆ ಹೋದವರು ಕೈಯಲ್ಲಿ ಕಾಸಿಲ್ಲದೆ ನಿಂತರು. ಮನೆಯ ಸಾಲದ ಕಂತುಗಳು ಹೊತ್ತಿಗೆ ಸಲ್ಲಲಿಲ್ಲ. ಕೆಲವು ಸಂಸ್ಥೆಗಳಿಗೆ ಸಂಬಳ ಬಟವಾಡೆ ಮಾಡಲಾಗಲಿಲ್ಲ. ಬಡ್ಡಿಯ ಲೆಕ್ಕಗಳು ತಪ್ಪಿದುವು. ಅದೇ ಬಳಗದ ಅಲ್‌ಸ್ಟರ್ ಬೇಂಕಿನವರಿಗೆ ಜುಲೈ ತಿಂಗಳಿಗೂ ಈ ಗೋಳು ಮುಂದುವರಿಯಿತು. 2014ರ ನವೆಂಬರಿನಲ್ಲಿ ಅಲ್ಲಿಯ ಎರಡು ನಿಯಂತ್ರಣ ಮಂಡಳಿಗಳು ಕೂಡಿ 5 ಕೋಟಿ 60 ಲಕ್ಷ ಪೌಂಡುಗಳ ದಂಡವನ್ನು ವಿಧಿಸಿದುವು. ಒಂದು ಕೆಲಸವು ತಪ್ಪಿದರೆ ಅದರ ಹಿಂದೆ ಕಾದು ನಿಂತ ಕೆಲಸಗಳೂ ತಪ್ಪುವುವು. ಒಂದು ಇರುಳು ಮುಗಿಯದಿದ್ದುದು ಮರುದಿನದ ಇರುಳಿನ ಮೇಲೆ ಹೇರಿಕೊಳ್ಳುವುದು. ಪಂಕ್ತಿಯಲ್ಲಿ ಮೊದಲನೆಯ ಎಲೆಗೆ ಅನ್ನ ಬಾರದಿದ್ದರೆ ಕೊನೆಯ ಎಲೆಯವನು ಏಳುವಷ್ಟರಲ್ಲಿ ಮುಂದಿನ ಪಂಕ್ತಿಯವರು ಬಾಗಿಲಲ್ಲಿ ನಿಂತಿರುವರಷ್ಟೆ.

ಇನ್ನೊಂದು ಉದಾಹರಣೆಯು ಬೇಂಕಿಗೆ ಸೇರಿದುದಲ್ಲ, ಆದರೆ ಮೌನದ ವಿಷಯಕ್ಕೆ ಇದಕ್ಕಿಂತ ಸ್ಪಷ್ಟವಾದುದನ್ನು ನಾನು ಕಾಣೆ. 2003ರ ಆಗಸ್ಟ್ 14ರಂದು ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ಸುಮಾರು ಐದು ಕೋಟಿ ಜನರಿಗೆ ವಿದ್ಯುತ್ತು ಹೋಯಿತು. ಅದಕ್ಕೆ ಒಂದು ಗಂಟೆಗೂ ಮೊದಲೇ ಓಹಿಯೋ ಪ್ರಾಂತದ ಒಂದು ವಿದ್ಯುತ್ ಸಂಸ್ಥೆಯಲ್ಲಿ ಅಪಾಯದ ಗಂಟೆ ಬಾರಿಸುವ ಕ್ರಮವಿಧಿಯೇ ಸದ್ದಿಲ್ಲದೆ ನಿಂತುಹೋಗಿತ್ತು. ಹಲಗೆಯ ಮುಂದೆ ಕುಳಿತವರು ಗಂಟೆ ಕೇಳಿಸದಿದ್ದುದರಿಂದ ಎಲ್ಲವೂ ಸರಿಯಾಗಿದೆ ಎಂದು ಭಾವಿಸಿದರು. ಯಂತ್ರಗಳನ್ನು ನೋಡಿಕೊಳ್ಳುವವರಿಗೆ ಒಂದು ಯಂತ್ರ ಕೆಟ್ಟುದು ತಿಳಿದಿದ್ದರೂ ಆ ಮಾತು ಪಕ್ಕದ ಕೋಣೆಗೆ ಮುಟ್ಟಲಿಲ್ಲ.

ಇಲ್ಲಿಯೇ ನನಗೆ ಪಾಠಶಾಲೆಯಲ್ಲಿ ಗುರುಗಳು ಹೇಳಿದ ಅನುಪಲಬ್ಧಿಯು ನೆನಪಾಗುವುದು. ಕುಮಾರಿಲಭಟ್ಟರ ಮತದವರೂ ಅದ್ವೈತಿಗಳೂ ಇದನ್ನು ಆರನೆಯ ಪ್ರಮಾಣವಾಗಿ ಎಣಿಸುವರು; ನೈಯಾಯಿಕರು ಬೇರೆಯೆಂದು ಒಪ್ಪದೆ ಪ್ರತ್ಯಕ್ಷದಲ್ಲಿಯೇ ಸೇರಿಸುವರು. ನೆಲದ ಮೇಲೆ ಕೊಡವಿಲ್ಲವೆಂಬುದು ನಮಗೆ ಹೇಗೆ ತಿಳಿಯುವುದು? ಕೊಡವು ಕಾಣದಿರುವುದರಿಂದ. ಆದರೆ ಕಾಣದಿದ್ದುದೆಲ್ಲ ಇಲ್ಲವೆಂದು ಸಾಧಿಸಲು ಬರುವುದಿಲ್ಲ. ಕತ್ತಲೆಯ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲವೆನ್ನಲಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆಯಿದ್ದಾಗ ಮಾತ್ರ ಕಾಣದಿರುವಿಕೆಯು ಪ್ರಮಾಣ. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ದೋಷ ಕಾಣಲಿಲ್ಲ, ಆದುದರಿಂದ ದೋಷವಿಲ್ಲ ಎನ್ನುವ ಬೇಂಕಿನ ಹಲಗೆಯನ್ನು ಈ ಒರೆಗೆ ಹಚ್ಚಬೇಕು: ದೋಷವಿದ್ದಿದ್ದರೆ ಆ ಹಲಗೆಯಲ್ಲಿ ಕಾಣುತ್ತಿತ್ತೇ? ಅಲ್ಲಿ ದೀಪವಿದೆಯೇ? ಓಹಿಯೋದವರ ಕೋಣೆಯಲ್ಲಿ ದೀಪವು ಆರಿತ್ತು. ಅವರು ಕತ್ತಲೆಯನ್ನು ನೋಡಿ ಕೊಡವಿಲ್ಲವೆಂದರು.

ಸೋದರಳಿಯನಿಗೆ ಇದನ್ನು ವಿವರಿಸಿದಾಗ ಅವನು ನಕ್ಕು, “ಮಾವ, ನಿಮ್ಮ ಮೀಮಾಂಸಕರು ನಮ್ಮ ಆಫೀಸಿಗೆ ಬರಬೇಕಿತ್ತು” ಎಂದನು. ಆಮೇಲೆ ಅವರು ಪಡುವ ಪಾಡುಗಳನ್ನು ಒಂದೊಂದಾಗಿ ಹೇಳಿದನು. ದಿನಚರಿಯ ಬರಹದಲ್ಲಿ ದೋಷವೆಂಬ ಶಬ್ದವನ್ನು ಹುಡುಕಲು ಇನ್ನೊಂದು ಯಂತ್ರವನ್ನು ನೇಮಿಸುವರು. ಅದು “ದೋಷಗಳ ಸಂಖ್ಯೆ 0” ಎಂಬ ಸಾಲನ್ನು ಹಿಡಿದು ತಂದು ಕೂಗುವುದು. ನಿರ್ದೋಷಿ ಎಂಬ ಮಾತಿನಲ್ಲಿಯೂ ದೋಷಿ ಎಂಬುದು ಇರುವುದಷ್ಟೆ. ಅದೇ ಯಂತ್ರವು “ಕಡತವನ್ನು ತೆರೆಯಲಾಗಲಿಲ್ಲ” ಎಂಬ ಸಾಲನ್ನು ಕಂಡು, ಇದರಲ್ಲಿ ದೋಷಶಬ್ದವಿಲ್ಲವೆಂದು ಬಿಟ್ಟುಬಿಡುವುದು. ಇನ್ನೂ ಒಂದು ವಿನೋದವುಂಟು. ಕೆಲವು ಕೆಲಸಗಳನ್ನು ಸರಪಣಿಯಂತೆ ಜೋಡಿಸಿದಾಗ ಯುನಿಕ್ಸಿನ ಸಾಮಾನ್ಯ ಪದ್ಧತಿಯಲ್ಲಿ ಕೊನೆಯ ಕೊಂಡಿಯು ಹೇಳಿದ ಅಂಕೆಯೇ ಎಲ್ಲರ ಅಂಕೆಯಾಗುವುದಂತೆ. ಬಾವಿಯಿಂದ ತೋಟದವರೆಗೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಾಗ, ಬಾವಿಯ ಬಳಿಯ ಹುಡುಗನು ಜಾರಿ ಬಿದ್ದನೆಂದು ಎಣಿಸಿರಿ. ಕೊನೆಯವನನ್ನು ಕೇಳಿದರೆ “ನನಗೆ ಬಂದುದನ್ನೆಲ್ಲ ಸುರಿದೆನು” ಎನ್ನುವನು. ಬಂದುದು ಬರಿಯ ಕೊಡ.

ಇದಕ್ಕೆಲ್ಲ ಪರಿಹಾರವಾಗಿ ಅವನು ಹೇಳಿದುದರಲ್ಲಿ ಎರಡು ಸಂಗತಿಗಳು ನನಗೆ ಹಳೆಯ ಪರಿಚಯದವುಗಳು. ಹಣದ ಪಟ್ಟಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕಳುಹುವಾಗ ಕೊನೆಯಲ್ಲಿ ಒಂದು ಸಾಲನ್ನು ಸೇರಿಸಿ, ಹೆಸರುಗಳು ಎಷ್ಟು, ಮೊತ್ತವೆಷ್ಟು ಎಂದು ಬರೆದಿಡುವರು. ಪಡೆದವನು ತಾನೇ ಎಣಿಸಿ ತಾಳೆ ನೋಡಬೇಕು. ನಮ್ಮ ಓಲೆಗರಿಗಳ ಲಿಪಿಕಾರರು ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ, ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದುದು ಕೂಲಿಯ ಲೆಕ್ಕಕ್ಕೂ ಆಗುತ್ತಿತ್ತು, ನಡುವೆ ಗರಿ ಜಾರಿದರೆ ತಿಳಿಯಲೂ ಆಗುತ್ತಿತ್ತು. ವೇದಪಾಠಿಗಳು ಇನ್ನೂ ಮುಂದೆ ಹೋದರು. ಕ್ರಮಪಾಠದಲ್ಲಿ ಒಂದನೆಯ ಪದವನ್ನು ಎರಡನೆಯದರೊಡನೆ, ಎರಡನೆಯದನ್ನು ಮೂರನೆಯದರೊಡನೆ ಹೇಳಬೇಕು. ಜಟೆಯಲ್ಲಿ ಒಂದು ಎರಡು, ಎರಡು ಒಂದು, ಮತ್ತೆ ಒಂದು ಎರಡು. ಘನದಲ್ಲಿ ಇದರ ಮೇಲೆ ಮೂರನೆಯದನ್ನೂ ಸೇರಿಸಿ ಹಿಂದುಮುಂದಾಗಿ ಸುತ್ತಬೇಕು. ಒಂದು ಪದವು ಜಾರಿದರೆ ಅದರ ನೆರೆಯ ಪದಗಳೆಲ್ಲವೂ ಸಾಕ್ಷಿ ಹೇಳುವುವು. ಇಷ್ಟು ಪರಿಶ್ರಮವನ್ನು ಯಾವ ಬೇಂಕೂ ಮಾಡದು, ಮಾಡಲೂ ಬೇಕಾಗಿಲ್ಲ. ಆದರೆ ನಿವೃತ್ತಿವೇತನದ ಇರುಳುಗೆಲಸವು ಮುಗಿದ ಬಳಿಕ, ಕೊಡಬೇಕಾದವರು ಎಷ್ಟು, ಕೊಟ್ಟುದು ಎಷ್ಟು ಮಂದಿಗೆ ಎಂಬ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿ ಬರೆದಿಟ್ಟಿದ್ದರೆ ಉರ್ವದ ಆ ತಾಯಿಯ ಗುಳಿಗೆಗಳು ತುಂಡಾಗುತ್ತಿರಲಿಲ್ಲ.

ಹಾಜರಿಯ ಗುಟ್ಟೂ ಇದೇ. ತರಗತಿಯಲ್ಲಿ “ಯಾರು ಬಂದಿಲ್ಲ?” ಎಂದು ಕೇಳಿದರೆ ಬಾರದವನು ಉತ್ತರ ಕೊಡುವುದಿಲ್ಲ. ಪಟ್ಟಿಯನ್ನು ಹಿಡಿದು ಒಂದೊಂದು ಹೆಸರನ್ನೂ ಕೂಗಬೇಕು. ಉತ್ತರವು ಬಾರದ ಕಡೆ ನಿಲ್ಲಬೇಕು. ಓಡಿ ಎಡವಿದ ಕೆಲಸವು ಅತ್ತು ಕರೆಯುವುದು. ತೊಡಗದೆಯೇ ಉಳಿದ ಕೆಲಸವು ಅಳುವುದಿಲ್ಲ. ಆದುದರಿಂದ ಈಗಿನವರು ಕ್ರಮವನ್ನು ತಿರುಗಿಸಿದ್ದಾರೆ. ಪ್ರತಿಯೊಂದು ಕೆಲಸವೂ ಇಂತಿಷ್ಟು ಗಂಟೆಯೊಳಗೆ ಬೇರೊಂದು ಯಂತ್ರಕ್ಕೆ “ಮುಗಿಸಿದೆನು” ಎಂದು ವರದಿ ಮಾಡಬೇಕು. ವರದಿ ಬಾರದಿದ್ದರೆ ಆ ಎರಡನೆಯ ಯಂತ್ರವು ಗಂಟೆ ಬಾರಿಸುವುದು. ಇದಕ್ಕೆ ಅವರ ಭಾಷೆಯಲ್ಲಿ ಎದೆಬಡಿತವೆಂಬ ಅರ್ಥದ ಹೆಸರು.

ನಿವೃತ್ತರಾದ ನಮಗೆ ಈ ಪದ್ಧತಿಯು ಚೆನ್ನಾಗಿ ಗೊತ್ತು. ವರ್ಷಕ್ಕೊಮ್ಮೆ, ಬಹಳ ಮಂದಿಗೆ ನವೆಂಬರು ತಿಂಗಳಲ್ಲಿ, ನಾವು ಬದುಕಿದ್ದೇವೆಂದು ಜೀವಿತಪ್ರಮಾಣಪತ್ರವನ್ನು ಕೊಡಬೇಕಷ್ಟೆ. 2014ರಿಂದ ಬೆರಳಚ್ಚನ್ನು ಒತ್ತಿ ಯಂತ್ರದ ಮೂಲಕವೇ ಕೊಡುವ ಅನುಕೂಲವೂ ಆಗಿದೆ. ಕೊಡದಿದ್ದರೆ ವೇತನವು ನಿಲ್ಲುವುದು. ಮುದುಕನ ಮೌನವನ್ನು ಮರಣವೆಂದು ಎಣಿಸುವ ಕಚೇರಿಯು ತನ್ನ ಯಂತ್ರದ ಮೌನವನ್ನು ಆರೋಗ್ಯವೆಂದು ಎಣಿಸುವುದೇಕೆ? ನಮ್ಮಿಂದ ವರ್ಷಕ್ಕೊಮ್ಮೆ ಕೇಳುವ ಪತ್ರವನ್ನು ಇರುಳಿನ ಪ್ರತಿಯೊಂದು ಕೆಲಸದಿಂದಲೂ ದಿನಕ್ಕೊಮ್ಮೆ ಕೇಳಿದರೆ ನ್ಯಾಯವಾದೀತು.

ಎಚ್ಚರಿಕೆಯ ಸಾಲುಗಳ ವಿಷಯದಲ್ಲಿ ಸೋದರಳಿಯನ ಕಚೇರಿಯಲ್ಲಿ ಈಗ ಒಂದು ನಿಯಮವನ್ನು ಮಾಡಿಕೊಂಡಿದ್ದಾರೆ. ಹೊಸ ಎಚ್ಚರಿಕೆಯೊಂದು ಹುಟ್ಟಿದರೆ ಅದಕ್ಕೆ ಒಬ್ಬ ಮನುಷ್ಯನ ಹೆಸರನ್ನೂ ಒಂದು ತಾರೀಖನ್ನೂ ಬರೆಯಬೇಕು. ಆ ತಾರೀಖಿನೊಳಗೆ ಅವನು ಅದರ ಕಾರಣವನ್ನು ತೆಗೆಯಬೇಕು, ಇಲ್ಲವೇ ಇದು ನಿರಪಾಯವೆಂದು ಕಾರಣಸಹಿತ ಬರೆದು ಅಳಿಸಬೇಕು, ಇಲ್ಲವೇ ಇದು ದೋಷವೇ ಎಂದು ಎಂಟರ ಸಾಲಿಗೆ ಏರಿಸಬೇಕು. ಯಾರ ಹೆಸರೂ ಇಲ್ಲದೆ ಉಳಿಯುವಂತಿಲ್ಲ. ಮನುಷ್ಯರ ಹಣಕ್ಕೆ ಸಂಬಂಧಿಸಿದ ವಿವರವನ್ನು ಬಿಟ್ಟುಹೋದರೆ ಅದು ಒಂದೇ ಆದರೂ ಎಚ್ಚರಿಕೆಯಲ್ಲ, ದೋಷ. ಇದನ್ನು ಒಪ್ಪಿಸಲು ಅವನು ಬಹಳ ವಾದಿಸಬೇಕಾಯಿತಂತೆ. ಒಬ್ಬರಿಗಾಗಿ ಇಡೀ ಸರದಿಯನ್ನು ನಿಲ್ಲಿಸಿದರೆ ಉಳಿದ ಸಾವಿರಾರು ಜನರ ಹಣವು ತಡವಾಗುವುದಲ್ಲವೇ ಎಂದು ಮೇಲಿನವರು ಕೇಳಿದರು. ಅದೂ ನ್ಯಾಯವಾದ ಪ್ರಶ್ನೆಯೇ. ಕೊನೆಗೆ, ಸರದಿಯು ನಿಲ್ಲುವುದು ಬೇಡ, ಆದರೆ ಹಸುರು ಗುರುತು ಬೀಳಬಾರದು, ಬಿಟ್ಟುಹೋದವರ ಹೆಸರುಗಳು ಮುಂಜಾನೆ ಒಬ್ಬನ ಮೇಜಿಗೆ ಬರಬೇಕು ಎಂದು ತೀರ್ಮಾನವಾಯಿತು.

ಇಷ್ಟಾದರೂ ಗಂಟೆಯನ್ನು ಕೇಳಿ ಏಳಲು ಒಬ್ಬ ಮನುಷ್ಯನು ಬೇಕು. ಮೊದಲನೆಯ ಯಂತ್ರವನ್ನು ಎರಡನೆಯದು ನೋಡಿಕೊಳ್ಳುವುದು, ಎರಡನೆಯದನ್ನು ಮೂರನೆಯದು ನೋಡಿಕೊಳ್ಳುವುದು. ಈ ಅನವಸ್ಥೆಯನ್ನು ಎಲ್ಲಿಯಾದರೂ ನಿಲ್ಲಿಸಬೇಕಷ್ಟೆ. ತಿಂಗಳಲ್ಲಿ ಒಂದು ವಾರ ಅದು ನನ್ನ ಸೋದರಳಿಯನಲ್ಲಿ ನಿಲ್ಲುವುದು. ಆ ವಾರದಲ್ಲಿ ಅವನು ದೂರವಾಣಿಯನ್ನು ದಿಂಬಿನ ಕೆಳಗಿಟ್ಟು ಮಲಗುವನು. ಎರಡೂವರೆಗೋ ಮೂರಕ್ಕೋ ಅದು ಬಡಿಯುವುದು. ಬಡಿಯದ ರಾತ್ರಿಗಳಲ್ಲಿಯೂ ಎದ್ದು, ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವನಂತೆ. ಅವನ ತಾಯಿ ಮೊನ್ನೆ ನಮ್ಮ ಮನೆಗೆ ಬಂದಾಗ, “ಅಣ್ಣ, ನೀವಾದರೂ ಅವನಿಗೆ ಒಂದು ಮಾತು ಹೇಳಿ. ಹಗಲು ಹೋಗಿ ಹಗಲು ಬರುವ ಕೆಲಸ ಈ ಊರಿನಲ್ಲಿ ಇಲ್ಲವೇ?” ಎಂದಳು. ಹೇಳುವೆನೆಂದು ಮಾತು ಕೊಟ್ಟಿದ್ದೇನೆ, ಇನ್ನೂ ಹೇಳಿಲ್ಲ.